ಅಪ್ಪನ ಹಿಂದಿ

ಆಟಿ ತಿಂಗಳು. ಮಳೆ ಜೋರೆಂದು ಶಾಲೆಗೆ ರಜೆ ಕೊಟ್ಟಿದ್ದರು. ಮಗನನ್ನು ಕರೆದುಕೊಂಡು ಪುತ್ತೂರಿನಿಂದ ಕಡಬದ ಹತ್ತಿರವಿರುವ ತವರಿಗೆ ಹೋಗಿದ್ದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಟಿ.ವಿ. ಹಾಕುವುದೇ ಕಡಿಮೆ. "ಎಂತ ಉಂಟು ಅದರಲ್ಲಿ? ಅತ್ತೆ ಸೊಸೆ ಕಣ್ಣು ದೊಡ್ಡ ಮಾಡುದು" ಅನ್ನುತ್ತಾಳೆ. ತಮ್ಮ ಮನೆಗೆ ಇಂಟರ್ನೆಟ್ ಹಾಕಿಸಿದ್ದ. ಅಮ್ಮನಿಗೆ ಹೊತ್ತು ಹೋಗಲಿ ಎಂದು ಯೂಟ್ಯೂಬಿನಲ್ಲಿ 'ಮಾಲ್ಗುಡಿ ಡೇಸ್' ಹುಡುಕಿ ಹಾಕಿದೆ.

ಎಲ್. ವೈದ್ಯನಾಥನ್ ಅವರ ಆ ಸಂಗೀತ ಶುರುವಾದದ್ದೇ ತಡ, ಅಮ್ಮ ಒಳಗಿನಿಂದ ಬಂದು ಕುರ್ಚಿ ಎಳೆದುಕೊಂಡಳು. ಆರ್.ಕೆ. ಲಕ್ಷ್ಮಣರ ಚಿತ್ರಗಳು ಒಂದೊಂದಾಗಿ ಹೋದವು. ಸ್ವಾಮಿ ಬಂದ. ಅಮ್ಮ ನನ್ನ ಮಗನಿಗೆ ಕಥೆ ಹೇಳಲು ತೊಡಗಿದಳು. "ಈಗ ನೋಡು ಪುಟ್ಟ, ಅವನ ಅಪ್ಪ ಹೇಳುದು, ಮೊದಲು ಊಟ ಮಾಡು, ಲೆಕ್ಕ ಆಮೇಲೆ ಮಾಡುವ ಅಂತ."

ಮಗ ಒಂದು ನಿಮಿಷ ಕಿವಿಗೊಟ್ಟು ಕೇಳಿದ. ಶಾಲೆಯಲ್ಲಿ ಹಿಂದಿ ಉಂಟು ಅವನಿಗೆ. "ಅಜ್ಜೀ, ಅವರು ಹಾಗೆ ಹೇಳ್ಲೇ ಇಲ್ಲ. ಬೈತಾ ಇದ್ದಾರೆ."

"ನಿನಗೆ ಗೊತ್ತಿಲ್ಲ, ಸುಮ್ಮನಿರು. ನಿನ್ನ ಅಜ್ಜ ಹೇಳಿದ್ದು."

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ತನಿಖೆ.

ಪುತ್ತೂರಿನಲ್ಲಿ ಕ್ಯಾಂಪ್ಕೊದ ಚಾಕಲೇಟು ಕಾರ್ಖಾನೆ ಶುರುವಾದದ್ದು 1986ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ನಮ್ಮ ಮನೆಗೆ ಟಿ.ವಿ. ಬಂದಿತ್ತು. ಕಪ್ಪು ಬಿಳುಪಿನದ್ದು, ಮರದ ಬಾಗಿಲಿನ ಪೆಟ್ಟಿಗೆಯೊಳಗೆ. ಆಗ ಕಡಬ ಎಂದರೆ ಪುತ್ತೂರು ತಾಲೂಕೇ. ಮನೆ ತಗ್ಗಿನಲ್ಲಿ, ಸುತ್ತ ತೋಟ. ಹಾಗಾಗಿ ಆಂಟೆನಾ ಹಿಂದಿನ ಗುಡ್ಡೆಯ ಮೇಲೆ. ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಕಂಬ, ಅದರ ತುದಿಯಲ್ಲಿ ಆಂಟೆನಾ, ಅದಕ್ಕೊಂದು ಬೂಸ್ಟರು. ತಮ್ಮ ಮೇಲೆ ಹೋಗಿ ತಿರುಗಿಸುವುದು, ನಾನು ಅಂಗಳದಲ್ಲಿ, ಅಮ್ಮ ಚಾವಡಿಯಲ್ಲಿ. "ಬಂತಾ?" "ಬರ್ಲಿಲ್ಲ!" "ಈಗ?" "ಹೋಯ್ತು, ಹೋಯ್ತು!" ಎಷ್ಟು ತಿರುಗಿಸಿದರೂ ಪರದೆಯ ಮೇಲೆ ಮಳೆ ನಿಲ್ಲುತ್ತಿರಲಿಲ್ಲ.

ಬರುವುದೆಲ್ಲ ಹಿಂದಿ. ಮನೆಯಲ್ಲಿ ಯಾರಿಗೂ ಹಿಂದಿ ಬಾರದು, ಅಪ್ಪನೊಬ್ಬರನ್ನು ಬಿಟ್ಟು. ಅಪ್ಪ ಮದುವೆಗೆ ಮೊದಲು ನಾಲ್ಕು ವರ್ಷ ಬೊಂಬಾಯಿಯ ಮಾಟುಂಗದ ಹೋಟೆಲೊಂದರಲ್ಲಿದ್ದವರು. ಹಾಗಾಗಿ ಅನುವಾದದ ಕೆಲಸ ತಾನಾಗಿಯೇ ಅವರ ಪಾಲಿಗೆ ಬಂತು. ಸುತ್ತಮುತ್ತಲಿನ ಮನೆಯವರೂ ಬರುತ್ತಿದ್ದರು. ಎಲ್ಲರೂ ಕೂತು ಅಡಿಕೆ ಸುಲಿಯುವುದು, ಅಪ್ಪ ಪೆಟ್ಟಿಗೆಯ ಪಕ್ಕ ಕೂತು ಹೇಳುವುದು.

'ಯೇ ಜೋ ಹೈ ಜಿಂದಗಿ' ನಿಮಗೆ ನೆನಪಿರಬಹುದು. ಅದರಲ್ಲಿ ಸತೀಶ್ ಶಾ ಒಂದೊಂದು ಕಂತಿನಲ್ಲಿ ಒಂದೊಂದು ವೇಷ. ನಮಗೆ ಅದು ಅರ್ಥವಾಗದೆ, "ಅಪ್ಪಾ, ಇವ ಕಳೆದ ವಾರ ಬೇರೆಯೇ ಆಗಿದ್ದನಲ್ಲ?" ಎಂದು ಕೇಳಿದೆವು. ಅಪ್ಪ ಸ್ವಲ್ಪವೂ ತಡವರಿಸಲಿಲ್ಲ. "ಇವ ಕಳೆದ ವಾರದವನ ಅಣ್ಣ" ಎಂದರು. ಮುಂದಿನ ವಾರ ತಮ್ಮ, ಅದರ ಮುಂದಿನ ವಾರ ಭಾವ. "ಎಷ್ಟು ದೊಡ್ಡ ಕುಟುಂಬ ಮಾರಾಯ್ತಿ, ಒಂದೇ ಮುಖ!" ಎಂದು ಪಕ್ಕದ ಮನೆಯ ಅಕ್ಕ ಆಶ್ಚರ್ಯಪಟ್ಟದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆದರೆ ಅಪ್ಪನಿಗೆ ಹೆಚ್ಚು ಇಷ್ಟವಾದದ್ದು 'ಮಾಲ್ಗುಡಿ ಡೇಸ್'. ಶಂಕರನಾಗ್ ಅದನ್ನು ತೆಗೆದದ್ದು ಆಗುಂಬೆಯಲ್ಲಿ. ನಮ್ಮ ಮನೆಯಂಥದ್ದೇ ಮರದ ಕಂಬ, ನಮ್ಮಲ್ಲಿಯಂಥದ್ದೇ ಮಳೆ. ಸ್ವಾಮಿಯ ಅಪ್ಪ ಗಿರೀಶ ಕಾರ್ನಾಡ, ಅಮ್ಮ ವೈಶಾಲಿ ಕಾಸರವಳ್ಳಿ, ಸ್ವಾಮಿ ನಮ್ಮ ಮಾಸ್ಟರ್ ಮಂಜುನಾಥ್. "ಎಲ್ಲ ನಮ್ಮವರೇ, ನಮ್ಮ ಹತ್ರ ಎಂತಕ್ಕೆ ಹಿಂದಿ ಮಾತಾಡುದು ಇವರು?" ಎಂದು ಅಮ್ಮ ಬೈಯುತ್ತಿದ್ದಳು. ಈಗ ಯೋಚಿಸಿದರೆ ನಗು ಬರುತ್ತದೆ. ಮೈಸೂರಿನಲ್ಲಿದ್ದ ನಾರಾಯಣ್ ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದವರು ಹಿಂದಿಯಲ್ಲಿ ಆಡಿ, ಅದನ್ನು ನಮ್ಮಪ್ಪ ಪುನಃ ಕನ್ನಡಕ್ಕೆ ತರಬೇಕು!

ಅಪ್ಪನ ಈ ಉದ್ಯೋಗಕ್ಕೆ ಮೊದಲ ಪೆಟ್ಟು ಕೊಟ್ಟದ್ದು 'ಗುಡ್ಡದ ಭೂತ'. ಸದಾನಂದ ಸುವರ್ಣರ ಧಾರಾವಾಹಿ, ಕನ್ನಡದ್ದು, ನಮ್ಮ ಕಡೆಯದ್ದೇ ಕಥೆ, ಶೀರ್ಷಿಕೆಯ ಹಾಡಂತೂ ತುಳು. ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತಿತ್ತು. ಅಪ್ಪ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. 1994ರಲ್ಲಿ ಉದಯ ಟಿ.ವಿ. ಶುರುವಾಗಿ, ಆಮೇಲೆ ನಮ್ಮೂರಿಗೂ ಡಿಶ್ ಬಂದ ಮೇಲೆ ಹಿಂದಿ ಯಾರಿಗೂ ಬೇಡವಾಯಿತು. 'ಸಿಲ್ಲಿ ಲಲ್ಲಿ', 'ಪಾಪ ಪಾಂಡು' ಬರುವಾಗ ಎಲ್ಲರೂ ನಗುತ್ತಿದ್ದರು. ಅಪ್ಪ ಪೇಪರು ಹಿಡಿದು ಜಗಲಿಗೆ ಹೋಗುತ್ತಿದ್ದರು.

ಇರಲಿ, ತನಿಖೆಗೆ ಬರುವ. ಲೆಕ್ಕದ ದೃಶ್ಯ ಬಂತು. ರಾಮನ ಹತ್ತಿರ ಹತ್ತು ಮಾವಿನಹಣ್ಣು, ಅದಕ್ಕೆ ಇಂತಿಷ್ಟು ಬೆಲೆ, ಕೃಷ್ಣನಿಗೆ ನಾಲ್ಕು ಬೇಕು. ಸ್ವಾಮಿಗೆ ಲೆಕ್ಕಕ್ಕಿಂತ ಹಣ್ಣು ಪಕ್ವವಾಗಿದೆಯೋ ಇಲ್ಲವೋ ಎಂಬುದೇ ಚಿಂತೆ. ನಾನು ಬೆಚ್ಚಿದೆ. ನನ್ನ ನೆನಪಿನಲ್ಲಿ ಅದು ಮಾವೇ ಅಲ್ಲ, ಅಡಿಕೆ! ಅಪ್ಪನ ಪ್ರಕಾರ ರಾಮ ಹತ್ತು ಕಿಲೋ ಅಡಿಕೆ ಪುತ್ತೂರಿಗೆ ಕೊಂಡುಹೋಗಿದ್ದ, ಸ್ವಾಮಿ ಕೇಳಿದ್ದು, "ಹೊಸತಾ ಹಳತಾ? ಪಟೋರವಾ ಕರಿಗೋಟಾ? ಅದು ಗೊತ್ತಾಗದೆ ರೇಟು ಹೇಳುದು ಹೇಗೆ?" ಅಂದು ಅಡಿಕೆ ಸುಲಿಯುತ್ತಿದ್ದವರೆಲ್ಲ ಕತ್ತಿ ಬಿಟ್ಟು ನಕ್ಕಿದ್ದರು.

ಮಗ ಬಿದ್ದು ಬಿದ್ದು ನಕ್ಕ. ನನಗೆ ಮಾತ್ರ ಏನೋ ಕಸಿವಿಸಿ. ಶಾಲೆಯಲ್ಲಿ "ನನ್ನ ಅಪ್ಪನಿಗೆ ಹಿಂದಿ ಬರ್ತದೆ" ಎಂದು ಎಷ್ಟು ಕೊಚ್ಚಿಕೊಂಡಿದ್ದೆ! ರಾತ್ರಿ ಪಾತ್ರೆ ತೊಳೆಯುವಾಗ ಮೆಲ್ಲ ಹೇಳಿದೆ, "ಅಮ್ಮಾ, ಅಪ್ಪ ಹೇಳಿದ್ದು ಅರ್ಧಕ್ಕರ್ಧ ಸ್ವಂತದ್ದು ಅಂತ ಕಾಣ್ತದೆ."

ಅಮ್ಮ ತಿರುಗಿಯೂ ನೋಡಲಿಲ್ಲ. "ನನಗೆ ಆಗಲೇ ಗೊತ್ತಿತ್ತು. ಬೊಂಬಾಯಿಯಲ್ಲಿ ಅವರು ಇದ್ದದ್ದು ಒಳಗೆ, ಅಡುಗೆಯಲ್ಲಿ. ಅಲ್ಲಿ ಎಲ್ಲ ತುಳುವೇ. ಗಿರಾಕಿಗಳ ಮುಖ ನೋಡಿದ್ರಲ್ಲವಾ ಹಿಂದಿ ಬರುದು?"

"ಮತ್ತೆ ಎಂತಕ್ಕೆ ಸುಮ್ಮನೆ ಕೇಳ್ತಾ ಇದ್ದದ್ದು?"

"ಹಗಲಿಡೀ ಅವರು ಎಷ್ಟು ಮಾತಾಡ್ತಿದ್ರು ಹೇಳು. ನೀರು ತಾ, ಬಟ್ಟೆ ತಾ, ಮುಗಿಯಿತು. ಆ ಅರ್ಧ ಗಂಟೆಯೇ ಅವರ ಬಾಯಿಂದ ನಾಲ್ಕು ಮಾತು ಹೊರಡುದು. ಅದನ್ನೂ ಸುಳ್ಳು ಅಂತ ನಿಲ್ಲಿಸುದಾ?"

ನಿಜ. ಅಪ್ಪ ಮನೆಯಲ್ಲಿ ಮಾತೇ ಆಡದ ಮನುಷ್ಯ. ಅಪ್ಪನ ಸ್ವರ ಎಂದು ನಾನು ನೆನಪಿಟ್ಟುಕೊಂಡದ್ದೆಲ್ಲ ಟಿ.ವಿ.ಯ ಪಕ್ಕ ಕೂತು ಹೇಳಿದ್ದೇ.

ಆಗ ನನಗೆ ಇನ್ನೊಂದು ನೆನಪಾಯಿತು. ಸ್ವಾಮಿಯ ಕಥೆಯ ಕೊನೆಯಲ್ಲಿ ಗೆಳೆಯ ರಾಜಂ ಊರು ಬಿಟ್ಟು ಹೋಗುತ್ತಾನೆ, ಪೊಲೀಸ್ ಅಧಿಕಾರಿ ಅಪ್ಪನಿಗೆ ವರ್ಗ. ಸ್ವಾಮಿಯ ಮೇಲೆ ಅವನಿಗೆ ಸಿಟ್ಟು ಬೇರೆ. ರೈಲು ಹೊರಡುವ ಹೊತ್ತಿಗೆ ಸರಿಯಾಗಿ ನಮ್ಮಲ್ಲಿ ಕರೆಂಟು ಹೋಗಿತ್ತು. ಅದೇ ವರ್ಷ ನನ್ನ ಗೆಳತಿಯೊಬ್ಬಳು, ಬ್ಯಾಂಕಿನವರ ಮಗಳು, ಜಗಳ ಆಡಿದಲ್ಲಿಗೇ ಊರು ಬಿಟ್ಟು ಹೋಗಿದ್ದಳು. ಚಿಮಿಣಿ ದೀಪ ಹಚ್ಚಿದ ಮೇಲೆ ನಾನು ಕೇಳಿದೆ, "ಅಪ್ಪಾ, ರಾಜಂ ಮತ್ತೆ ಮಾತಾಡಿದನಾ?" ನೋಡದೇ ಇದ್ದ ಕೊನೆಯನ್ನು ಅಪ್ಪ ಆರಾಮಾಗಿ ಹೇಳಿದರು. "ಕಾಗದ ಬರೀತಾನಂತೆ. ಅಡ್ರೆಸ್ ತೆಕ್ಕೊಂಡು ಹೋಗಿದ್ದಾನೆ."

ಗೆಳತಿಯ ಕಾಗದ ಬರಲಿಲ್ಲ. ಆದರೂ ಆ ಮಳೆಗಾಲವಿಡೀ ನಾನು ಪೋಸ್ಟ್‌ಮ್ಯಾನನ ದಾರಿ ಕಾದಿದ್ದೆ.

ಪುತ್ತೂರಿನಲ್ಲಿ ಪಿಯುಸಿ ಓದುವಾಗ ಲೈಬ್ರರಿಯಲ್ಲಿ ನಾರಾಯಣರ ಕಾದಂಬರಿ ಸಿಕ್ಕಿತು. 1935ರಲ್ಲಿ ಬಂದ ಪುಸ್ತಕ. ಕೊನೆಯ ಪುಟ ಮೊದಲು ತೆಗೆದೆ. ಅಲ್ಲಿಯೂ ಅದೇ! ರಾಜಂ ಕಾಗದ ಬರೆಯುತ್ತಾನೆ, ವಿಳಾಸ ಕೊಟ್ಟಿದ್ದೇನೆ ಎಂದು ಮಣಿ ಸ್ವಾಮಿಗೆ ಹೇಳುತ್ತಾನೆ. ಸ್ವಾಮಿ ಅವನ ಮುಖ ನೋಡುತ್ತಾನೆ, ನಿಜವೋ ಸುಳ್ಳೋ ಗೊತ್ತಾಗುವುದಿಲ್ಲ. ಅಪ್ಪ ಆ ಪುಸ್ತಕ ಓದಿದವರಲ್ಲ. ಅಳುವ ಮಗುವಿಗೆ ಮಣಿ ಹೇಳಿದ್ದನ್ನೇ ಅವರೂ ಹೇಳಿದ್ದು, ಅಷ್ಟೆ. ಇದನ್ನು ಅಪ್ಪನಿಗೆ ಹೇಳಬೇಕೆಂದು ಅಂದುಕೊಂಡೆ. ಹೇಳಲಿಲ್ಲ. ನಮ್ಮ ಮನೆಯಲ್ಲಿ ಅಂಥದ್ದೆಲ್ಲ ಹೇಳುವ ಕ್ರಮ ಇರಲಿಲ್ಲ.

ಮರುದಿನವೂ ರಜೆ. ಆ ರೈಲಿನ ಕಂತು ಹಾಕುತ್ತೇನೆ ಎಂದು ಮಗ ರಿಮೋಟು ಹಿಡಿದ.

"ಅದು ಬೇಡ ಪುಟ್ಟ, ಅದು ಗೊತ್ತುಂಟು ನಮಗೆ" ಎಂದಳು ಅಮ್ಮ. "ಆ ಒಂದೇ ಮುಖದ ಅಣ್ಣ ತಮ್ಮಂದಿರದ್ದು ಉಂಟಾ ನೋಡು."

ಇತ್ತು. ಹಾಕಿದೆವು. ಮಗ ಹಿಂದಿ ಕೇಳಿ ಅರ್ಥ ಹೇಳಲು ಬಾಯಿ ತೆರೆದ. ನಾನು ಅವನ ಮೊಣಕಾಲು ಒತ್ತಿ ಸುಮ್ಮನಾಗಿಸಿದೆ. ಅಮ್ಮ ಪರದೆ ತೋರಿಸಿ ಶುರು ಮಾಡಿದಳು, "ಇವ ಉಂಟಲ್ಲ, ಇವ ಕಳೆದ ವಾರದವನ ಅಣ್ಣ..."