ಮೊದಲು ಕೇಳಿ, ಆಮೇಲೆ ಕೊಡಿ

ದಾನ ಮಾಡುವುದು ಸುಲಭ. ಬೇಕಾದವರಿಗೆ ಬೇಕಾದದ್ದನ್ನು ಕೊಡುವುದು ಕಷ್ಟ. ಹಸಿದವನಿಗೆ ಹಾಸಿಗೆ ಹಾಸಿ, ನಿದ್ದೆ ಬಂದವನ ಮುಂದೆ ಎಲೆ ಹಾಕಿದರೆ ಪುಣ್ಯವೂ ಇಲ್ಲ, ಪ್ರಯೋಜನವೂ ಇಲ್ಲ. ಹಳ್ಳಿಗಳ ಉದ್ಧಾರಕ್ಕೆಂದು ಹೊರಟ ಎಷ್ಟೋ ಸಂಸ್ಥೆಗಳ ವಾರ್ಷಿಕ ವರದಿಯಲ್ಲಿ ಕಟ್ಟಡಗಳ ಸಂಖ್ಯೆ ಇರುತ್ತದೆ, ಖರ್ಚುವೆಚ್ಚದ ಲೆಕ್ಕ ಇರುತ್ತದೆ. ಆ ಊರಿನವರನ್ನು ‘ನಿಮಗೆ ಏನು ಬೇಕು?’ ಎಂದು ಯಾರಾದರೂ ಕೇಳಿದ್ದರೇ ಎಂಬುದು ಮಾತ್ರ ಸಿಗುವುದಿಲ್ಲ. ನೇಪಾಳದಲ್ಲಿ, ಎವರೆಸ್ಟ್ ತಪ್ಪಲಿನ ಖುಂಬು ಪ್ರದೇಶದಲ್ಲಿ ಆರು ದಶಕಗಳಿಗೂ ಮಿಕ್ಕಿ ನಡೆದುಬಂದಿರುವ ಹಿಮಾಲಯನ್ ಟ್ರಸ್ಟ್‌ನ ಕೆಲಸ ಆರಂಭವಾದದ್ದು ಈ ಪ್ರಶ್ನೆಯಿಂದ.

ಪ್ರಶ್ನೆ ಕೇಳಿದವರು ಎಡ್ಮಂಡ್ ಹಿಲರಿ. 1953ರ ಮೇ 29ರಂದು ತೇನ್‌ಸಿಂಗ್ ನೋರ್ಗೆ ಜೊತೆ ಎವರೆಸ್ಟ್ ಏರಿದವರೆಂದು ಶಾಲೆಯ ಮಕ್ಕಳಿಗೆಲ್ಲ ಅವರ ಹೆಸರು ಗೊತ್ತು. ಅದಾದ ಮೇಲೆ ಅವರು ಅರ್ಧ ಶತಮಾನ ಮಾಡಿದ ಕೆಲಸ ಅಷ್ಟಾಗಿ ಪಠ್ಯಪುಸ್ತಕಕ್ಕೆ ಬಂದಿಲ್ಲ. ನ್ಯೂಜಿಲೆಂಡಿನಲ್ಲಿ ಜೇನು ಸಾಕುತ್ತಿದ್ದ ಈ ಮನುಷ್ಯ 1960–61ರಲ್ಲಿ ಮತ್ತೊಂದು ಪರ್ವತಯಾತ್ರೆಗೆ ಬಂದಿದ್ದಾಗ, ತಮ್ಮ ಜೊತೆಗಿದ್ದ ಶೆರ್ಪಾಗಳನ್ನು ನಿಮ್ಮ ಜನರಿಗೆ ಏನು ಮಾಡಬಹುದು ಎಂದು ವಿಚಾರಿಸಿದರು. ಹಣವನ್ನೋ ಬಟ್ಟೆಯನ್ನೋ ಅವರು ಕೇಳಲಿಲ್ಲ. ಅಕ್ಷರ ಬಾರದ ನಮ್ಮ ಮಕ್ಕಳು ಕಣ್ಣಿದ್ದೂ ಕುರುಡರಂತಿದ್ದಾರೆ, ಒಂದು ಶಾಲೆ ಬೇಕು ಎಂಬುದು ಅವರ ಬೇಡಿಕೆಯಾಗಿತ್ತು.

1961ರಲ್ಲಿ ಖುಂಜುಂಗ್ ಹಳ್ಳಿಯಲ್ಲಿ ಆ ಶಾಲೆ ಎದ್ದು ನಿಂತಿತು. ಸಮುದ್ರಮಟ್ಟದಿಂದ ಸುಮಾರು 3,790 ಮೀಟರ್ ಎತ್ತರದ ಊರು ಅದು. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡರಷ್ಟು ಎತ್ತರ. ಆಲೂಗಡ್ಡೆ ಬೆಳೆದು, ಯಾಕ್ ಮೇಯಿಸಿ ಬದುಕುವ ಜನ. ಕಟ್ಟಡದ ಅಲ್ಯೂಮಿನಿಯಂ ಭಾಗಗಳು ಬಂದದ್ದು ಭಾರತದ ಕಂಪನಿಯೊಂದರ ಕೊಡುಗೆಯಾಗಿ; ಮೊದಲ ಮೇಷ್ಟ್ರು ಬಂದದ್ದು ಡಾರ್ಜಿಲಿಂಗ್‌ನಿಂದ. ಆರಂಭದಲ್ಲಿ ಇದ್ದದ್ದು ಎರಡೇ ಕೋಣೆ. ಮುಂದೆ ಅದು ಪ್ರೌಢಶಾಲೆಯಾಗಿ, ಮುನ್ನೂರಕ್ಕೂ ಹೆಚ್ಚು ಮಕ್ಕಳು ಕಲಿಯುವ ವಿದ್ಯಾಸಂಸ್ಥೆಯಾಗಿ ಬೆಳೆಯಿತು.

ಒಂದು ಊರಿಗೆ ಶಾಲೆ ಬಂದರೆ ಪಕ್ಕದ ಊರು ಸುಮ್ಮನಿದ್ದೀತೆ? ಬೇರೆ ಹಳ್ಳಿಗಳ ಹಿರಿಯರೂ ಅರ್ಜಿ ಹಿಡಿದು ಬಂದರು. 1963ರಲ್ಲಿ ಪಾಂಗ್‌ಬೋಚೆ ಮತ್ತು ಥಾಮೆ ಹಳ್ಳಿಗಳಿಗೆ ಶಾಲೆಗಳಾದವು. ಅದೇ ವರ್ಷ ಕಣಿವೆಯಲ್ಲಿ ಸಿಡುಬು ಕಾಣಿಸಿಕೊಂಡಿತು. ಹಿಲರಿಯವರ ತಂಡ ಶಾಲೆ ಕಟ್ಟುವುದರ ಜೊತೆಗೆ ಸಾವಿರಾರು ಜನಕ್ಕೆ ಲಸಿಕೆ ಹಾಕಿತು. ಊರಿಗೆ ಕೊಳವೆಯಲ್ಲಿ ನೀರು ತಂದಿತು. 1966ರಲ್ಲಿ ಖುಂಡೆ ಎಂಬಲ್ಲಿ ಆಸ್ಪತ್ರೆ ಬಂತು. ಕೇಳುವುದು ಊರಿನವರು, ಹಣ ಕೂಡಿಸುವುದು ಹಿಲರಿ. ಕಲ್ಲು ಹೊರಲು, ಗೋಡೆ ಕಟ್ಟಲು ಎರಡೂ ಕಡೆಯವರ ಕೈ ಸೇರುತ್ತಿತ್ತು. ಹಿಲರಿ ಹೆಚ್ಚುಕಡಿಮೆ ಪ್ರತಿವರ್ಷವೂ ಬರುತ್ತಿದ್ದರು. ಉಳಿದ ತಿಂಗಳುಗಳಲ್ಲಿ ಊರೂರು ಸುತ್ತಿ ಭಾಷಣ ಮಾಡಿ ಹಣ ಹೊಂದಿಸುತ್ತಿದ್ದರು.

ಆಸ್ಪತ್ರೆಯ ಒಂದು ಕೆಲಸವನ್ನು ವಿಜ್ಞಾನ ಓದುವ ಮಕ್ಕಳು ಗಮನಿಸಬೇಕು. ಆ ಬೆಟ್ಟಗಳ ಮಣ್ಣು–ನೀರಿನಲ್ಲಿ ಅಯೋಡಿನ್ ತೀರ ಕಡಿಮೆ. ಹೀಗಾಗಿ ಮನೆಮನೆಯಲ್ಲೂ ಗಳಗಂಡ. ತಾಯಿಗೆ ಅಯೋಡಿನ್ ಸಾಲದೆ ಹುಟ್ಟಿದ ಎಷ್ಟೋ ಮಕ್ಕಳು ಕಿವುಡರಾಗಿ, ಮೂಕರಾಗಿ, ಬುದ್ಧಿ ಬೆಳೆಯದೆ ಉಳಿಯುತ್ತಿದ್ದರು. ಇದು ಹಣೆಬರಹವಲ್ಲ, ಕೊರತೆ ಎಂದು ತಿಳಿದಿದ್ದ ವೈದ್ಯರು ಅಯೋಡಿನ್ ಬೆರೆಸಿದ ಎಣ್ಣೆಯ ಚುಚ್ಚುಮದ್ದು ಕೊಟ್ಟರು. ಆಮೇಲೆ ಹುಟ್ಟಿದ ಪೀಳಿಗೆಯಲ್ಲಿ ಈ ಅಂಗವಿಕಲತೆ ಬಹುಮಟ್ಟಿಗೆ ಮಾಯವಾಯಿತು. ಶಾಲೆ ಕಟ್ಟಿದರೆ ಸಾಲದು, ಶಾಲೆಗೆ ಬರುವ ಮಗುವಿನ ಮಿದುಳೂ ಬೆಳೆದಿರಬೇಕಲ್ಲ!

ಎಲ್ಲವೂ ಎಣಿಸಿದಂತೆ ಆಗಲಿಲ್ಲ. ಆಸ್ಪತ್ರೆಯ ಸಾಮಾನು ಸಾಗಿಸಲೆಂದು 1964ರಲ್ಲಿ ಲುಕ್ಲಾದಲ್ಲಿ ಶೆರ್ಪಾಗಳಿಂದ ಜಮೀನು ಕೊಂಡು ಒಂದು ಪುಟ್ಟ ವಿಮಾನದಾರಿ ಮಾಡಿದರು. ನೆಲ ಗಟ್ಟಿಯಾಗಲೆಂದು ಶೆರ್ಪಾಗಳು ಕೈ ಕೈ ಹಿಡಿದು ತುಳಿದು ಕುಣಿದರು. ಅಲ್ಲಿಯವರೆಗೆ ಕಾಠ್ಮಂಡುವಿನಿಂದ ಎರಡು ವಾರಕ್ಕೂ ಮಿಕ್ಕಿದ ಕಾಲ್ನಡಿಗೆಯಾಗಿದ್ದ ದಾರಿ ಮುಕ್ಕಾಲು ಗಂಟೆಯೊಳಗಿನ ಪ್ರಯಾಣವಾಯಿತು. ಔಷಧಿ ಬಂದ ದಾರಿಯಲ್ಲೇ ಪ್ರವಾಸಿಗರೂ ಬಂದರು. ಜನರ ಕೈಗೆ ಹಣ ಬಂತು, ಜೊತೆಗೆ ಕಸದ ರಾಶಿಯೂ ಬಂತು. ಒಲೆಗಳಿಗೆ ಸೌದೆ ಒದಗಿಸಿ ಕಾಡು ಬರಿದಾಗತೊಡಗಿತು. ಇದನ್ನು ಕಂಡು ಹಿಲರಿಯವರಿಗೇ ಕಸಿವಿಸಿಯಾಗಿತ್ತು. 1976ರಲ್ಲಿ ಸಾಗರಮಾಥಾ ರಾಷ್ಟ್ರೀಯ ಉದ್ಯಾನ ರಚನೆಯಾಯಿತು; ಟ್ರಸ್ಟ್ ಸಸಿಗಳನ್ನು ಬೆಳೆಸಿ ಬೋಳು ಗುಡ್ಡಗಳಿಗೆ ನೆಡಿಸತೊಡಗಿತು. ಒಂದು ಉಪಕಾರದ ಬೆನ್ನಿಗೇ ಒಂದು ತೊಡಕು ಬರುತ್ತದೆ. ಅದನ್ನು ಬಿಡಿಸಲು ಮತ್ತೆ ಹತ್ತಾರು ವರ್ಷ ಬೇಕು.

ಈ ಕೆಲಸಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. 1975ರ ಮಾರ್ಚ್ 31ರಂದು, ಹಿಲರಿ ಫಾಪ್ಲು ಎಂಬಲ್ಲಿ ಎರಡನೆಯ ಆಸ್ಪತ್ರೆ ಕಟ್ಟಿಸುತ್ತಿದ್ದಾಗ, ಅವರ ಬಳಿಗೆ ಹೊರಟಿದ್ದ ಪತ್ನಿ ಲೂಯಿಸ್ ಮತ್ತು ಹದಿನಾರರ ಮಗಳು ಬೆಲಿಂಡಾ ಕಾಠ್ಮಂಡುವಿನಲ್ಲಿ ವಿಮಾನ ಅಪಘಾತಕ್ಕೆ ಬಲಿಯಾದರು. ಆ ದುಃಖದಲ್ಲಿ ಮನುಷ್ಯ ಎಲ್ಲವನ್ನೂ ಬಿಟ್ಟು ಊರಿಗೆ ಹೋಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆಸ್ಪತ್ರೆ ಪೂರ್ತಿಯಾಯಿತು. ಹಿಲರಿ ಮತ್ತೆ ಮತ್ತೆ ಬಂದರು. 1985ರಿಂದ 1989ರವರೆಗೆ ನ್ಯೂಜಿಲೆಂಡಿನ ಹೈಕಮಿಷನರ್ ಆಗಿ ದೆಹಲಿಯಲ್ಲಿದ್ದಾಗಲೂ ಬೆಟ್ಟದ ನಂಟು ತಪ್ಪಲಿಲ್ಲ. ವಯಸ್ಸಾದ ಮೇಲೆ ಎತ್ತರದ ಗಾಳಿ ಅವರ ದೇಹಕ್ಕೆ ಒಗ್ಗದಾಯಿತು. ಎವರೆಸ್ಟ್ ಏರಿದವರಿಗೆ ಖುಂಜುಂಗ್‌ನಲ್ಲಿ ನಿಲ್ಲುವುದೇ ಕಷ್ಟವಾಯಿತು. 2008ರ ಜನವರಿ 11ರಂದು ತೀರಿಕೊಂಡಾಗ ಅವರಿಗೆ 88 ವರ್ಷ. ಅಷ್ಟರೊಳಗೆ ಟ್ರಸ್ಟ್ ಎರಡು ಡಜನ್‌ಗೂ ಹೆಚ್ಚು ಶಾಲೆಗಳನ್ನು ಕಟ್ಟಿಸಿತ್ತು.

ಆದರೆ ಪ್ರಗತಿಯನ್ನು ಅಳೆಯುವ ಕೋಲು ಆ ಸಂಖ್ಯೆಯಲ್ಲ. ಖುಂಜುಂಗ್ ಶಾಲೆಯಲ್ಲಿ ಅಕ್ಷರ ಕಲಿತ ಮಿಂಗ್ಮಾ ನೋರ್ಬು ಶೆರ್ಪಾ ಮುಂದೆ ಅದೇ ಸಾಗರಮಾಥಾ ಉದ್ಯಾನದ ಮುಖ್ಯಸ್ಥರಾದರು. ಖುಂಡೆ ಆಸ್ಪತ್ರೆಗೆ ವರ್ಷಾನುಗಟ್ಟಲೆ ವೈದ್ಯರು ವಿದೇಶದಿಂದಲೇ ಬರಬೇಕಿತ್ತು. ಅಲ್ಲಿ ಸಹಾಯಕರಾಗಿದ್ದ ಕಾಮಿ ತೆಂಬಾ ಶೆರ್ಪಾ ಫಿಜಿಯಲ್ಲಿ ವೈದ್ಯಕೀಯ ಓದಿ ಬಂದು ಆ ಆಸ್ಪತ್ರೆಯ ವೈದ್ಯರೇ ಆದರು. ಹೊರಗಿನವರು ಮಾಡುತ್ತಿದ್ದ ಕೆಲಸ ಒಂದೊಂದಾಗಿ ಊರಿನ ಮಕ್ಕಳ ಕೈಗೆ ಬಂತು. ಯಾವುದೇ ಸೇವಾಸಂಸ್ಥೆ ಈ ವರ್ಷ ಏನು ಸಾಧಿಸಿತು ಎಂದು ತಿಳಿಯಬೇಕಾದರೆ, ಹೋದ ವರ್ಷ ತಾನು ಮಾಡುತ್ತಿದ್ದ ಯಾವ ಕೆಲಸವನ್ನು ಈ ವರ್ಷ ಊರಿನವರಿಗೆ ವಹಿಸಿತು ಎಂದು ಕೇಳಿದರೆ ಸಾಕು.

ಓದಿದವರೆಲ್ಲ ಹಿಂತಿರುಗಲಿಲ್ಲ ಎಂಬುದೂ ನಿಜ. ಕಲಿತ ಮಕ್ಕಳು ಕಾಠ್ಮಂಡುವಿಗೆ, ಅಲ್ಲಿಂದ ಅಮೆರಿಕಕ್ಕೆ ಹೋದರು. ಅಪ್ಪ–ಅಮ್ಮ ಮಾತ್ರ ಊರಿನಲ್ಲಿ ಉಳಿದರು. ಕರ್ನಾಟಕದ ಮಲೆನಾಡಿನ ತಂದೆತಾಯಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿದ್ಯೆ ಬಾಗಿಲು ತೆರೆಯುತ್ತದೆ. ಆ ಬಾಗಿಲಿನಿಂದ ಹೊರಗೂ ಹೋಗಬಹುದು, ಒಳಗೂ ಬರಬಹುದು.

ಬೆಟ್ಟದ ಊರುಗಳಲ್ಲಿ ಕೆಲಸ ಮುಗಿಯಿತು ಎನ್ನುವ ದಿನ ಬರುವುದಿಲ್ಲ. 2015ರ ಭೂಕಂಪಗಳು ಅಲ್ಲಿನ ಶಾಲೆಗಳ ಗೋಡೆಗಳನ್ನು ಕೆಡವಿದವು. ಟ್ರಸ್ಟ್ ಮತ್ತೆ ಕಟ್ಟಲು ನಿಂತಿತು. 2024ರ ಆಗಸ್ಟ್ 16ರಂದು ಮೇಲಿನ ಹಿಮಸರೋವರ ಒಡೆದು ನುಗ್ಗಿದ ನೀರು ಥಾಮೆ ಹಳ್ಳಿಯ ಮನೆಗಳನ್ನೂ ಶಾಲೆಯನ್ನೂ ಆರೋಗ್ಯ ಕೇಂದ್ರವನ್ನೂ ಹಾಳುಗೆಡವಿತು. ಪುಣ್ಯಕ್ಕೆ ಜೀವಹಾನಿಯಾಗಲಿಲ್ಲ. ಥಾಮೆಗೆ ಶಾಲೆ ಬೇಕೆಂದು ಆ ಕಾಲದಲ್ಲಿ ಅರ್ಜಿ ಹಾಕಿದ ಹಿರಿಯರಿಗೆ ಓದು ಬಾರದಿದ್ದರೂ, ಇಂದು ಆ ಊರಿಗೆ ಏನು ಬೇಕೆಂದು ಬರೆದು ಕೇಳಬಲ್ಲವರು, ಬಂದ ಹಣದ ಲೆಕ್ಕ ಓದಬಲ್ಲವರು ಅಲ್ಲಿಯೇ ಇದ್ದಾರೆ. ಕಟ್ಟಡವನ್ನು ನೀರು ಕೊಚ್ಚಿಕೊಂಡು ಹೋದೀತು; ಕಲಿತ ಅಕ್ಷರವನ್ನು ಯಾವ ಪ್ರವಾಹವೂ ಒಯ್ಯಲಾರದು.