ಕುಣಿಮಗ್ಗದ ಮುಂದೆ ಲಂಡನ್ನಿನ ಜಗಳ

ಮುಂಜಾನೆ ಹತ್ತರ ಬಿಸಿಲು. ರಬಕವಿ ಎಲ್ಲಿ ಮುಗಿಯಿತು, ಬನಹಟ್ಟಿ ಎಲ್ಲಿ ಶುರುವಾಯಿತು ಎಂದು ನಿಮ್ಮ ಕಣ್ಣಿಗೆ ತಿಳಿಯುವುದಿಲ್ಲ. ಸಂಸ್ಥಾನಗಳ ಕಾಲದಲ್ಲಿ ರಬಕವಿ ಸಾಂಗ್ಲಿಯವರದು, ಬನಹಟ್ಟಿ ಜಮಖಂಡಿಯವರದು. ಇಬ್ಬರೂ ಪಟವರ್ಧನರೇ, ಆದರೂ ಗಡಿ ಬೇರೆ. ಈಗ ಎರಡೂ ಊರನ್ನು ಒಂದು ಮಾಡಿರುವುದು ಮಗ್ಗದ ಸದ್ದು. ಓಣಿಗೆ ಹೊರಳಿದೊಡನೆ ಅದು ಎದೆಗೇ ಬಡಿಯುತ್ತದೆ. ಪಕ್ಕದವರ ಮಾತು ಕೇಳಬೇಕೆಂದರೆ ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ಯಬೇಕು. ಕಿಟಕಿಯ ಸರಳು, ನಿಲ್ಲಿಸಿದ ಬೈಕಿನ ಸೀಟು, ತುಳಸಿಕಟ್ಟೆ, ಎಲ್ಲದರ ಮೇಲೂ ಹತ್ತಿಯ ಬಿಳಿ ಧೂಳು.

"ಬರ್ರಿ ಸರ, ತಲಿ ಬಾಗಸ್ರಿ, ಬಾಗಲಾ ಸಣ್ಣದೈತಿ."

ತಲೆ ಬಾಗಿಸಿ ಬನ್ನಿ. ಮುಂದಿನ ಪಡಸಾಲೆಯಲ್ಲಿ ಮಗನ ನಾಲ್ಕು ಪಾವರ್‌ಲೂಮು. ಅವನು ಕೈಯೆತ್ತಿ ನಮಸ್ಕಾರ ಮಾಡಿ ಮತ್ತೆ ನೂಲಿಗೆ ಬಾಗುತ್ತಾನೆ. ಅವುಗಳ ನಡುವೆ ಮೈ ಓರೆ ಮಾಡಿಕೊಂಡು ದಾಟಿದರೆ ಹಿಂದಿನ ಕೋಣೆ, ಅಲ್ಲಿ ಅಪ್ಪನ ಕುಣಿಮಗ್ಗ. ಅಜ್ಜ ಎಂದೇ ಕರೆಯೋಣ. ಓಣಿಯವರೂ ಹಾಗೇ ಕರೆಯುತ್ತಾರೆ. ಸೊಂಟದ ತನಕ ಕುಣಿಯಲ್ಲಿ ಇಳಿದು, ನೆಲದ ಅಂಚಿಗೆ ಕುಳಿತಿದ್ದಾನೆ. ಮುಂದೆ ಕೆಂಪು ದಡಿಯ ಹತ್ತಿ ಸೀರೆ, ಅರ್ಧ ಮೈ ಪಡೆದದ್ದು. ಮೂಲೆಯಲ್ಲಿ ಸೊಸೆ ರಾಟೆ ತಿರುವಿ ಕಂಡಿಕೆ ಸುತ್ತುತ್ತಿದ್ದಾಳೆ.

ಅಜ್ಜ ಮೇಲಿಂದ ಇಳಿಬಿದ್ದ ಹಗ್ಗ ಜಗ್ಗುತ್ತಾನೆ. ಲಾಳಿ ಬಲಕ್ಕೆ ಹಾರುತ್ತದೆ. ಮತ್ತೆ ಜಗ್ಗು, ಎಡಕ್ಕೆ. ಆ ಹಗ್ಗವನ್ನು ಸರಿಯಾಗಿ ನೋಡಿಕೊಳ್ಳಿ. ಕೈಯಿಂದ ಕೈಗೆ ಎಸೆಯುತ್ತಿದ್ದ ಲಾಳಿಯನ್ನು ಹೀಗೆ ಹಗ್ಗದಿಂದ ಹಾರಿಸುವ ಉಪಾಯಕ್ಕೆ 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಪೇಟೆಂಟ್ ಪಡೆದ. ನಾವು ಹಳೆಯದು, ನಮ್ಮದು ಎಂದುಕೊಳ್ಳುವ ಈ ಕುಣಿಯೊಳಗೂ ಆ ದೇಶದ ಒಂದು ತುಂಡು ಇದೆ. ಆ ಹಗ್ಗ ಹುಟ್ಟುವ ಮೊದಲೇ ಅಲ್ಲಿ ನಡೆದಿದ್ದ ಜಗಳದ ಕಾಗದ ನನ್ನ ಚೀಲದಲ್ಲಿದೆ.

ಅಷ್ಟರಲ್ಲಿ ಕರೆಂಟು ಹೋಗುತ್ತದೆ. ನಾಲ್ಕೂ ಮಗ್ಗ ಒಮ್ಮೆಲೇ ಸುಮ್ಮನಾಗುತ್ತವೆ, ಓಣಿಗೆ ಓಣಿಯೇ ಸುಮ್ಮನಾಗುತ್ತದೆ. ಈಗ ಅಜ್ಜನ ಲಾಳಿಯೊಂದೇ ಕೇಳುತ್ತಿದೆ. ಮಗ ಕೈ ಒರೆಸಿಕೊಂಡು ಬಂದು ಹೊಸ್ತಿಲ ಮೇಲೆ ಕೂರುತ್ತಾನೆ.

"ಏನೋ ಓದಿ ಹೇಳ್ತೀನಿ ಅಂದಿದ್ರೆಲ್ಲ, ಓದ್ರಿ ಈಗ."

ಹಾಳೆ ಬಿಚ್ಚುತ್ತೇನೆ. 1701ರಲ್ಲಿ ಲಂಡನ್ನಿನಲ್ಲಿ ಅಚ್ಚಾದ 'ಕನ್ಸಿಡರೇಶನ್ಸ್ ಅಪಾನ್ ದಿ ಈಸ್ಟ್-ಇಂಡಿಯಾ ಟ್ರೇಡ್'. ಬರೆದವನು ತನ್ನ ಹೆಸರು ಹಾಕಲಿಲ್ಲ; ಹೆನ್ರಿ ಮಾರ್ಟಿನ್ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹೆಸರು ಮುಚ್ಚಿಡಲು ಕಾರಣವೂ ಇದ್ದಿರಬೇಕು. ಹಿಂದೂಸ್ಥಾನದ ಬಟ್ಟೆ ಅಲ್ಲಿನ ಪೇಟೆ ತುಂಬಿ, ಉಣ್ಣೆ ಮತ್ತು ರೇಷ್ಮೆ ನೇಯುವವರು ಕೂಗೆಬ್ಬಿಸಿದ್ದರು. ಬಣ್ಣ ಹಾಕಿದ, ಅಚ್ಚು ಹೊಡೆದ ಹತ್ತಿ ಬಟ್ಟೆಯನ್ನು ಉಡಬಾರದೆಂದು 1700ರಲ್ಲಿ ಪಾರ್ಲಿಮೆಂಟು ಕಾಯ್ದೆಯನ್ನೇ ಮಾಡಿತ್ತು. ಆ ಹೊತ್ತಿನಲ್ಲಿ ಈತ ಎದ್ದು, ಅಗ್ಗದ ಬಟ್ಟೆ ಬರಲಿ ಬಿಡಿ ಎಂದ.

ಅವನ ವಾದವನ್ನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಗರಗಸದ ಗಿರಣಿ ಬಂದರೆ ಕೈಯಿಂದ ಹಲಗೆ ಕೊಯ್ಯುವವರ ಕೆಲಸ ಹೋಗುತ್ತದೆ, ನಿಜ. ಹಾಗೆಂದು ಗಿರಣಿ ಬೇಡ ಎನ್ನುತ್ತೀರಾ? ಹೊಳೆಯಲ್ಲಿ ದೋಣಿ ನಡೆದರೆ ಹೊರೆ ಹೊರುವವರಿಗೆ ನಷ್ಟ. ಹಾಗೆಂದು ದೋಣಿ ನಿಲ್ಲಿಸುತ್ತೀರಾ? ಕಡಿಮೆ ಕೈಗಳಿಂದ ಆಗುವ ಕೆಲಸಕ್ಕೆ ಹೆಚ್ಚು ಕೈ ಹಚ್ಚಿದರೆ ದೇಶಕ್ಕೇ ನಷ್ಟ. ಹಿಂದೂಸ್ಥಾನದ ವ್ಯಾಪಾರವೂ ಒಂದು ಯಂತ್ರವಿದ್ದಂತೆ.

ಮುಂದೆ ಬಟ್ಟೆಯ ಕಸುಬನ್ನೇ ಬಿಡಿಸಿ ತೋರಿಸುತ್ತಾನೆ. ನೂಲುವವನೊಬ್ಬ, ನೇಯುವವನೊಬ್ಬ, ಬಣ್ಣ ಕಟ್ಟುವವನೊಬ್ಬ. ಒಬ್ಬೊಬ್ಬನೂ ತನ್ನ ಒಂದೇ ಕೆಲಸ ಮಾಡಿದರೆ ಕೈ ಪಳಗುತ್ತದೆ, ಬೆಲೆ ಇಳಿಯುತ್ತದೆ. ಆಡಂ ಸ್ಮಿತ್ ಗುಂಡುಸೂಜಿಯ ಕಾರ್ಖಾನೆಯ ಮಾತು ಬರೆದದ್ದು 1776ರಲ್ಲಿ. ಅದಕ್ಕೆ 75 ವರ್ಷ ಮೊದಲೇ ಈತ ಇದನ್ನು ಕಂಡಿದ್ದ. ನೀವು ತಲೆಯೆತ್ತಿ ನೋಡಿ: ಕಂಡಿಕೆ ಸುತ್ತುವ ಸೊಸೆ, ಹಗ್ಗ ಜಗ್ಗುವ ಮಾವ. ಹಾಸಿನ ಬೀಮು ಸಿದ್ಧಮಾಡುವ ಮನೆ ಬೇರೆ, ಬಣ್ಣದ ಮನೆ ಬೇರೆ. ಆ ಪುಟವೇ ಈ ಓಣಿಯಲ್ಲಿ ಹರಡಿಕೊಂಡಿದೆ.

"ಮಾವಾರ, ಚಾ." ಸೊಸೆ ಬಟ್ಟಲಿಡುತ್ತಾಳೆ.

ಚಹಾ ಆರುವಷ್ಟರಲ್ಲಿ ನಿಮ್ಮನ್ನು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಓಣಿಗೆ ಒಯ್ಯುತ್ತೇನೆ. 1719, ಜೂನ್ ತಿಂಗಳು. ಅಲ್ಲಿಯೂ ಮನೆ ಮನೆಗೆ ಮಗ್ಗ, ರೇಷ್ಮೆಯದು. ಮಗ್ಗ ನಿಂತು ಹೋದವರು ಗುಂಪಾಗಿ ಬೀದಿಗೆ ಇಳಿದಿದ್ದಾರೆ. ಹೂವಿನ ಅಚ್ಚಿನ ಹತ್ತಿ ಗೌನು ತೊಟ್ಟ ಹೆಂಗಸೊಬ್ಬಳು ಕಂಡರೆ ಸಾಕು, ಅಟ್ಟಿಸಿಕೊಂಡು ಹೋಗಿ ಹರಿಯುತ್ತಾರೆ. ಬಟ್ಟೆಯ ಮೇಲೆ ಆಸಿಡ್ ಎರಚುತ್ತಾರೆ. ಹಸಿವಿನ ಸಿಟ್ಟು ಹೊರಬಿದ್ದದ್ದು ದಾರಿಯಲ್ಲಿ ತನ್ನ ಪಾಡಿಗೆ ನಡೆಯುತ್ತಿದ್ದ ಹೆಣ್ಣಿನ ಮೈಮೇಲೆ. ಓದಿದಾಗಲೆಲ್ಲ ನನಗೆ ಹೊಟ್ಟೆ ತೊಳೆಸುತ್ತದೆ.

ಈ ನೇಕಾರರ ಪರವಾಗಿ ಪುಸ್ತಿಕೆಗಳನ್ನು ಬರೆದವನು ಡೇನಿಯಲ್ ಡೆಫೋ. ಆ ಗಲಭೆಗೆ ಎರಡು ತಿಂಗಳು ಮೊದಲು ಅವನ 'ರಾಬಿನ್ಸನ್ ಕ್ರೂಸೋ' ಹೊರಬಂದಿತ್ತು. ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಹೇಳುವ ಅದೇ ಕಥೆ. 1721ರಲ್ಲಿ ಎರಡನೆಯ ಕಾಯ್ದೆ ಬಂತು. ಅಚ್ಚಿನ ಹತ್ತಿ ಬಟ್ಟೆ ಉಟ್ಟರೆ 5 ಪೌಂಡ್ ದಂಡ, ಮಾರಿದರೆ 20 ಪೌಂಡ್. 1774ರ ತನಕ ಅದು ಉಳಿಯಿತು. ಆ ಬೇಲಿಯ ಮರೆಯಲ್ಲೇ ಲ್ಯಾಂಕಾಶೈರಿನ ಹತ್ತಿ ಕಸುಬು ಬೆಳೆಯಿತು. ಅಜ್ಜ ಜಗ್ಗುವ ಹಗ್ಗ ಆ ನಡುವೆ ಹುಟ್ಟಿದ್ದು.

ವಾಪಸ್ ಬನ್ನಿ. ಮಗ ಅಷ್ಟೂ ಕೇಳಿ, "ಅವ್ರು ತಮ್ಮ ಮಂದೀನ ಉಳಿಸ್ಕೊಂಡ್ರು. ನಮ್ಮವ್ರ ಸುದ್ದಿ ಯಾರ ಬರದ್ರು?" ಅನ್ನುತ್ತಾನೆ.

ನಾನು ಹೇಳಬೇಕಾದ್ದನ್ನೇ ಅವನು ಕೇಳಿದ. ಈಸ್ಟ್ ಇಂಡಿಯಾ ಕಂಪನಿಗೆ ಕಾರವಾರದಲ್ಲಿ ಕೋಠಿ ಇತ್ತು. ಅಲ್ಲಿಂದ ಹಡಗೇರುತ್ತಿದ್ದ ಮಲ್‌ಮಲ್ ಘಟ್ಟದ ಮೇಲಿನ ಹುಬ್ಬಳ್ಳಿ ಮೊದಲಾದ ನೇಕಾರಿಕೆಯ ಊರುಗಳದು. 17ನೇ ಶತಮಾನದ ಆ ವ್ಯಾಪಾರದಲ್ಲಿ 50,000ದಷ್ಟು ನೇಕಾರರು ಇದ್ದರೆಂದು ಮುಂಬೈ ಸರ್ಕಾರದ ಗ್ಯಾಜೆಟಿಯರ್ ಬರೆದಿದೆ. 1673ರಲ್ಲಿ ಮರಾಠರು ಹುಬ್ಬಳ್ಳಿ ಸುಲಿದಾಗ ಕಂಪನಿ ತನ್ನ ನಷ್ಟವನ್ನು 7,894 ಹೊನ್ನು ಎಂದು ಬಿಡಿ ಲೆಕ್ಕದ ತನಕ ಬರೆದಿಟ್ಟಿತು. ಡೆಫೋಗೆ ಇಲ್ಲಿಯ ನೇಕಾರ ತನ್ನವರ ಅನ್ನ ಕಸಿಯುವವ. ಮಾರ್ಟಿನ್‌ಗೆ ಅಗ್ಗದ ಕೈ. ಇಬ್ಬರ ಬರಹದಲ್ಲೂ ಆ ಕೈಗೆ ಹೊಟ್ಟೆಯೊಂದಿದೆ ಎಂಬುದು ಬರುವುದಿಲ್ಲ. ಮಾರ್ಟಿನ್ ನನಗೆ ಬಹಳ ಮೆಚ್ಚಿನವನು. ಅಷ್ಟು ತಿಳಿಯಾಗಿ ಯೋಚಿಸಿದವರು ಆ ಶತಮಾನದಲ್ಲಿ ಕಡಿಮೆ. ಆದ್ದರಿಂದಲೇ ಅವನ ಈ ಕೊರತೆ ನನ್ನನ್ನು ನೋಯಿಸುತ್ತದೆ.

ಆ ಜಗಳ ಈಗ ಈ ಮನೆಯೊಳಗೇ ಇದೆ, ನೋಡಿದಿರಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆ ನಮ್ಮಲ್ಲಿದೆ. 1993ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೊದಲು 22 ಬಗೆ ಇದ್ದದ್ದು ಈಗ 11ಕ್ಕೆ ಇಳಿದಿದೆ. ಅಪ್ಪನ ಮಗ್ಗ ಆ ಬೇಲಿಯ ಒಳಗೆ, ಮಗನ ಮಗ್ಗ ಹೊರಗೆ. ಮಗ ಸೂರತ್ತಿನ ಸೀರೆಗೆ ಅಂಜುತ್ತಾನೆ, ಅಪ್ಪ ಮಗನ ಮಗ್ಗದಂಥವಕ್ಕೆ. ರಾತ್ರಿ ಉಣ್ಣುವುದು ಒಂದೇ ಒಲೆಯ ರೊಟ್ಟಿ.

ಅಜ್ಜ ಇಷ್ಟು ಹೊತ್ತೂ ಮಾತಾಡಿಲ್ಲ. ಚಹಾ ಕುಡಿದು ಬಟ್ಟಲು ಬದಿಗಿಡುತ್ತಾನೆ.

"ಗರಗಸದ ಮಾತು ಖರೇನ ಹೇಳ್ಯಾನ ಅಂವ. ಸುಳ್ಳಲ್ಲ ಅದು. ಆದ್ರ ಸರ, ಗರಗಸಾ ಎಳಿಯಾವ್ರು ಮರುದಿವ್ಸ ಏನ ಉಂಡ್ರು ಅಂತ ಬರದಾನೇನ?"

"ಬೇರೆ ಕಸುಬಿಗೆ ಹೋಗ್ತಾರ ಅಂತ ಬರದಾನ, ಅಜ್ಜಾರ."

"ಎಷ್ಟ ದಿವ್ಸದಾಗ?"

ಹಾಳೆ ಹಿಂದೆ ಮುಂದೆ ಮಾಡುತ್ತೇನೆ. ದಿನದ ಲೆಕ್ಕ ನನಗೆ ಅಲ್ಲಿ ಸಿಕ್ಕಿಲ್ಲ. ಅಜ್ಜ ಕಾಯುತ್ತಾನೆ, ಆಮೇಲೆ ಹಾಸಿನ ಕಡೆ ಬಾಗುತ್ತಾನೆ. ಒಂದು ಎಳೆ ಹರಿದಿದೆ. ಬೆರಳಿನ ತುದಿಯಲ್ಲಿ ಹೊಸೆದು ಗಂಟು ಹಾಕಿ, ಉಗುರಿನಿಂದ ಗಂಟು ಸವರಿ ನೋಡುತ್ತಾನೆ.

ಕರೆಂಟು ಬರುತ್ತದೆ. ಮಗ ಎದ್ದು ಓಡುತ್ತಾನೆ. ನಾಲ್ಕು ಮಗ್ಗ, ಆಮೇಲೆ ಇಡೀ ಓಣಿ. ಅಜ್ಜ ಹಗ್ಗ ಜಗ್ಗುತ್ತಾನೆ. ಲಾಳಿ ಹಾರಿದ್ದು ಕಾಣುತ್ತದೆ, ಕೇಳುವುದಿಲ್ಲ.