ಎರಡು ಎಂಜಿನ್ನಿನ ಲೆಕ್ಕ



ವಿದ್ಯಾರ್ಥಿಗಳ ತಪ್ಪುಗಳನ್ನು ಕೆಂಪು ಮಸಿಯಲ್ಲಿ ತಿದ್ದುತ್ತ ಆಯುಷ್ಯ ಕಳೆದವನು ನಾನು. ಇಂದು ನನ್ನದೇ ಒಂದು ತಪ್ಪನ್ನು ತಿದ್ದಿಕೊಳ್ಳಬೇಕಾಗಿದೆ.

ಅದು 1988ನೆಯ ಇಸವಿ. ಬಿ.ಎಡ್. ಮುಗಿಸಿ ಮೂಡಲಗಿಯ ಸೀಮೆಯಲ್ಲಿ ಕೆಲಸಕ್ಕೆ ಸೇರಿದ್ದ ಹೊಸತು. ಆಗ ಮೂಡಲಗಿ ಗೋಕಾಕ ತಾಲೂಕಿಗೇ ಸೇರಿತ್ತು. ಎರಡನೆಯ ಮಹಾಯುದ್ಧದ ಪಾಠ ಮಾಡುತ್ತ, ನಮ್ಮ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣವನ್ನು 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿತೆಂದು ಹೇಳಿದೆ. ಮರುದಿನ ಒಬ್ಬ ಹುಡುಗ ತನ್ನ ತೀರಿಹೋದ ಅಜ್ಜನ ಪೆಟ್ಟಿಗೆಯಿಂದ ಒಂದು ಭಾವಚಿತ್ರ ತಂದನು. ಹುಲ್ಲಿನ ನಡುವೆ ಮೂಗು ಜಜ್ಜಿಹೋದ, ಗಾಜೊಡೆದ ದೊಡ್ಡ ವಿಮಾನ. ಅದರ ಮುಂದೆ ಖಾಕಿ ತೊಟ್ಟ ನಾಲ್ವರು. ಅವರಲ್ಲೊಬ್ಬರು ಅಜ್ಜ, ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಚಿತ್ರದ ಒಂದು ಅಂಚು ಹರಿದಿತ್ತು.

ನನ್ನ ಬಳಿ ಯುದ್ಧದ ಕುರಿತು ಒಂದು ಪುಸ್ತಕವಿತ್ತು. 1941ರ ಡಿಸೆಂಬರ್ 10ರಂದು ಮಲಯದ ಸಮುದ್ರದಲ್ಲಿ ಎರಡು ಬ್ರಿಟಿಷ್ ಯುದ್ಧನೌಕೆಗಳನ್ನು ಮುಳುಗಿಸಿದ ಜಪಾನಿನ ಮಿತ್ಸುಬಿಷಿ ಬಾಂಬರಿನ ಚಿತ್ರ ಅದರಲ್ಲಿತ್ತು: ಎರಡು ಎಂಜಿನ್ನು, ಬಾಲದಲ್ಲಿ ಎರಡು ರೆಕ್ಕೆಹಲಗೆ. ಹುಡುಗನ ಚಿತ್ರದಲ್ಲಿಯೂ ಎಂಜಿನ್ನು ಎರಡು, ಹಲಗೆ ಎರಡು! ತರಗತಿಯೆದುರು ಘೋಷಿಸಿಬಿಟ್ಟೆ.

ಕೆಲದಿನಗಳ ಮೇಲೆ ಅವರ ಮನೆಗೆ ಹೋದಾಗ ಅಜ್ಜಿ ಚಹ ಕೊಡುತ್ತ ಅಂದರು: "ನಮ್ಮನಿಯವರು, ಕಾನಪುರದಾಗ ಬಿದ್ದಿತ್ತು, ನಾವು ಎಬ್ಬಿಸಿದ್ವಿ ಅಂತಿದ್ರು ನೋಡ್ರಿ ಸರ." ನಾನು ನಕ್ಕೆ. ಕಾನಪುರದವರೆಗೆ ಜಪಾನಿನ ವಿಮಾನ ಬರಲಿಲ್ಲವೆಂದೂ, ಬಿದ್ದದ್ದು ಬರ್ಮಾದಲ್ಲೇ ಇರಬೇಕೆಂದೂ ತಿಳಿಹೇಳಿದೆ. "ನೀವು ಕಲತವ್ರು" ಎಂದು ಅವರು ಸುಮ್ಮನಾದರು. ಚಿತ್ರಕ್ಕೆ ಚೌಕಟ್ಟು ಬಂತು. ಅದರ ಕೆಳಗೆ ನನ್ನ ಕೈಬರಹದಲ್ಲಿಯೇ 'ಬರ್ಮಾದಲ್ಲಿ ಬಿದ್ದ ಜಪಾನಿ ವಿಮಾನ' ಎಂಬ ಚೀಟಿ.

ಕಳೆದ ವರ್ಷ ಹುಕ್ಕೇರಿಯಲ್ಲಿ ಆ ಶಿಷ್ಯನ ಗೃಹಪ್ರವೇಶ. ಪಡಸಾಲೆಯ ಗೋಡೆಯ ಮೇಲೆ ಅದೇ ಚಿತ್ರ, ಅದೇ ಚೀಟಿ. ನಿವೃತ್ತಿಯ ಬಳಿಕ ಹಳೆಯ ವಿಮಾನಗಳ ಚಿತ್ರ ನೋಡುವ ಗೀಳು ಹತ್ತಿದ ನನಗೆ ಒಂದೇ ನೋಟಕ್ಕೆ ಎದೆ ಧಸಕ್ಕೆಂದಿತು. ಎರಡೂ ಎಂಜಿನ್ನುಗಳು ಒಂದೇ ರೆಕ್ಕೆಯ ಮೇಲಿದ್ದವು! ಇನ್ನೊಂದು ರೆಕ್ಕೆ ಹರಿದ ಅಂಚಿನೊಡನೆ ಹೋಗಿತ್ತು. ಅಂದರೆ ಎಂಜಿನ್ನು ನಾಲ್ಕು. ಕಂಡದ್ದನ್ನು ಎಣಿಸಿದ್ದೆನೇ ಹೊರತು ಕಾಣದ್ದನ್ನು ಯೋಚಿಸಿರಲಿಲ್ಲ. ಮತ್ತೆ ನೋಡಿದಂತೆ ಉಳಿದವೂ ಹೊಳೆದವು. ರೆಕ್ಕೆ ಮೈಯ ಮೇಲ್ಭಾಗಕ್ಕೆ ಅಂಟಿದೆ. ಎಂಜಿನ್ನಿನ ಬಾಯಿ ದುಂಡಗಿಲ್ಲ, ಅಡ್ಡಕ್ಕೆ ಅಂಡಾಕಾರ. ಬಾಲದ ಹಲಗೆಗಳೂ ಮೊಟ್ಟೆಯಾಕಾರ. ಮೂಗಿನಡಿ ಚಕ್ರದ ಕಾಲು. ಮಿತ್ಸುಬಿಷಿಗೆ ಚಕ್ರವಿದ್ದದ್ದು ಬಾಲದಡಿಯಲ್ಲಿ. ಇದು ಅಮೆರಿಕದ ಬಿ-24 ಲಿಬರೇಟರ್.

ವಿಮಾನದ ಜಾತಿ ಚಿತ್ರದಿಂದ ತಿಳಿಯಿತು. ಊರನ್ನು ಅಜ್ಜ ಎಂದೋ ಹೇಳಿದ್ದರು. ಬ್ರಿಟಿಷ್ ವಾಯುಪಡೆ ಅಮೆರಿಕದಿಂದ ಎರವಲು ಪಡೆದಿದ್ದ ಲಿಬರೇಟರುಗಳನ್ನು ಯುದ್ಧ ಮುಗಿದ ಮೇಲೆ ಕಾನಪುರದಲ್ಲಿ ಗುಡ್ಡೆ ಹಾಕಿ, ಮತ್ತಾರೂ ಹಾರಿಸದಂತೆ ಬೇಕೆಂದೇ ಕೆಡಿಸಿ ಹೋಗಿತ್ತು. ಮೂಗಿಗೆ ಲಾರಿ ಗುದ್ದಿಸಿದರು, ಎಂಜಿನ್ನಿಗೆ ಮರಳು ಸುರಿದರು ಎನ್ನುತ್ತಾರೆ. ವಾಲಚಂದ ಹಿರಾಚಂದರು 1940ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಕೆಲಸಗಾರರು ಅಲ್ಲಿಗೆ ಹೋಗಿ, ಒಂದರ ಅಂಗವನ್ನು ಇನ್ನೊಂದಕ್ಕೆ ಜೋಡಿಸಿ, ಹಾರುವಷ್ಟು ಮಟ್ಟಿಗೆ ರಿಪೇರಿ ಮಾಡಿದರು. ಅವುಗಳನ್ನು ಪೈಲಟ್ ಜಮಶೇದ್ ಮುನ್ಶಿಯವರು ಬೆಂಗಳೂರಿಗೆ ಹಾರಿಸಿ ತಂದರು. ಹೀಗೆ ಎದ್ದ ವಿಮಾನಗಳಿಂದ 1948ರ ನವೆಂಬರಿನಲ್ಲಿ ನಮ್ಮ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಹುಟ್ಟಿತು. ಲಿಬರೇಟರುಗಳು 1968ರವರೆಗೆ ನಮ್ಮಲ್ಲಿ ಹಾರಿದವು. ಆ ಬಳಿಕ ಅವುಗಳಲ್ಲಿ ಕೆಲವು ಇಂಗ್ಲೆಂಡ್, ಅಮೆರಿಕಗಳ ವಸ್ತುಸಂಗ್ರಹಾಲಯಗಳನ್ನು ಸೇರಿದವು. ಕೆಡಿಸಿದವರೇ ಈಗ ಒಂದನ್ನು ಜತನದಿಂದ ಕಾಯುತ್ತಿದ್ದಾರೆ.

ವೈರಿಯ ಮುರುಕು ವಿಮಾನದೆದುರು ನಿಂತು ಚಿತ್ರ ತೆಗೆಸಿಕೊಂಡವನೆಂದು ನಾನು ಆ ಅಜ್ಜನನ್ನು ಮನೆಮಂದಿಗೆ ಪರಿಚಯಿಸಿದ್ದೆ. ಆತ ಸತ್ತ ವಿಮಾನಕ್ಕೆ ಜೀವ ತುಂಬಿದವರಲ್ಲೊಬ್ಬ. ಅಜ್ಜಿಗೆ ಅದು ಗೊತ್ತಿತ್ತು. ನನ್ನ ಪದವಿಗೆ ಅಂಜಿ ಬಾಯಿ ಮುಚ್ಚಿಕೊಂಡರು. ಅವರು ತೀರಿಕೊಂಡು ಹತ್ತು ವರ್ಷಗಳಾಗಿವೆ. ತಪ್ಪೊಪ್ಪಿಕೊಳ್ಳಲು ನನಗೆ ಉಳಿದವರು ಮೊಮ್ಮಗ ಮತ್ತು ನೀವು.

ಊಟಕ್ಕೆ ಮುನ್ನವೇ ಎಲ್ಲವನ್ನೂ ಶಿಷ್ಯನಿಗೆ ಹೇಳಿದೆ. ಅವನು ಬಹಳ ಹೊತ್ತು ಚಿತ್ರ ನೋಡಿದನು. ಬಳಿಕ ಚೌಕಟ್ಟು ಬಿಚ್ಚಿ ಹಳೆಯ ಚೀಟಿ ತೆಗೆದು, ಖಾಲಿ ಹಾಳೆಯೊಂದನ್ನು ನನ್ನ ಮುಂದಿಟ್ಟು, "ಈಗ ಸರಿಯಾಗಿ ಬರೀರಿ ಸರ" ಎಂದನು. ಲಿಬರೇಟರ್ ಎಂದು ಬರೆಯಹೊರಟವನು ತಡೆದು, ಅಜ್ಜನ ಮಾತನ್ನೇ ಬರೆದೆ: 'ಕಾನಪುರದಾಗ ಬಿದ್ದಿತ್ತು, ನಾವು ಎಬ್ಬಿಸಿದ್ವಿ.'

ನಿಮ್ಮ ಮನೆಗಳಲ್ಲಿಯೂ ಇಂಥ ಚಿತ್ರಗಳಿರಬಹುದು. ಅವನ್ನು ಕಲಿತವರಿಗೆ ತೋರಿಸುವ ಮೊದಲು ಮನೆಯ ಹಿರಿಯರು ಹೇಳುವುದನ್ನು ಬರೆದಿಟ್ಟುಕೊಳ್ಳಿರಿ.